ಗ್ರೀಕ್ ಪುರಾಣದಿಂದ ಹದಿಹರೆಯದವರಿಗೊಂದು ಸಾಹಸ ಕಾದಂಬರಿ: ಬರೆಯುವ ದಾರಿ, ಹಂತ ಹಂತವಾಗಿ

13ರಿಂದ 18 ವರ್ಷದ ಓದುಗರಿಗೆ ಗ್ರೀಕ್ ಪುರಾಣ ಇಟ್ಟುಕೊಂಡು ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೀಬೇಕು ಅಂತ ಆಸೆ ಇರುವವರಿಗಾಗಿ ಇದು. ಹೆಚ್ಚಿನವರು ಮೊದಲ ಅಧ್ಯಾಯದಲ್ಲೇ ಜ್ಯೂಸ್, ಪೊಸೈಡನ್, ಅಥೀನಾ, ಹೇಡೀಸ್ ಎಲ್ಲರನ್ನೂ ಕರೆತಂದು ಕೂರಿಸಿಬಿಡುತ್ತಾರೆ. ಎಲ್ಲರ ಪರಿಚಯ ಮಾಡಿಸುವಷ್ಟರಲ್ಲಿ ಕಥೆಗೆ ಉಸಿರೇ ಇರುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಒಂದೇ ಪುರಾಣಕಥೆ ತಗೊಳ್ಳಿ, ಅದರಲ್ಲಿ ಯಾರೂ ಗಮನಿಸದ ಒಬ್ಬರನ್ನು ಹಿಡಿಯಿರಿ, ಆ ಜಗತ್ತಿನ ಕಟ್ಟುಪಾಡುಗಳನ್ನು ಮೀರದೆ ಕೊನೆವರೆಗೂ ಅವರ ಜೊತೆ ಹೋಗಿ. ಕೆಳಗಿರುವುದೆಲ್ಲ ಇದನ್ನು ಮಾಡುವ ಬಗೆ.

ಉದಾಹರಣೆಗೆ ಥೀಸಿಯಸ್ ಮತ್ತು ಮಿನೋಟಾರ್ ಕಥೆಯನ್ನು ಇಟ್ಟುಕೊಳ್ಳೋಣ. ಕ್ರೀಟ್ ದ್ವೀಪದ ಚಕ್ರವ್ಯೂಹದಲ್ಲಿ ಗೂಳಿತಲೆಯ ಮಿನೋಟಾರ್ ಇರುತ್ತಾನೆ, ಅಥೆನ್ಸ್‌ನಿಂದ ಕಳಿಸಿದ ಮಕ್ಕಳನ್ನು ತಿನ್ನುತ್ತಾನೆ. ಅಥೆನ್ಸ್‌ನ ಯುವರಾಜ ಥೀಸಿಯಸ್ ಆ ಮಕ್ಕಳ ಜೊತೆ ಹೋಗಿ ಅವನನ್ನು ಕೊಂದು, ಕ್ರೀಟ್‌ನ ರಾಜಕುಮಾರಿ ಅರಿಯಾಡ್ನೆ ಕೊಟ್ಟ ದಾರ ಹಿಡಿದು ಹೊರಬರುತ್ತಾನೆ. ಎಲ್ಲರಿಗೂ ಅಲ್ಪಸ್ವಲ್ಪ ಗೊತ್ತಿರುವ ಕಥೆ ಅಂತಲೇ ಇದನ್ನು ಆರಿಸಿದ್ದೇನೆ.

ಹಂತ 1: ಕಥೆಯ ಹಳೆಯ ರೂಪಗಳನ್ನು ಓದಿ

ಮಕ್ಕಳ ಸಂಕ್ಷಿಪ್ತ ಪುಸ್ತಕ ಅಥವಾ ವಿಕಿಪೀಡಿಯ ಪುಟ ಸಾಲದು. ಗ್ರೀಕ್ ಪುರಾಣಕ್ಕೆ ಒಂದೇ ಅಧಿಕೃತ ಗ್ರಂಥ ಅಂತ ಇಲ್ಲ. ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ, ಬರೆಯುವವರಿಗೆ ಇದಕ್ಕಿಂತ ದೊಡ್ಡ ವರ ಇನ್ನೇನು ಬೇಕು?

ಥೀಸಿಯಸ್ ಕಥೆಗೆ ನಾಲ್ಕು ಮೂಲಗಳನ್ನು ಓದಿದರೆ ಸಾಕು. ಅಪೊಲೊಡೋರಸ್ ಹೆಸರಿನಲ್ಲಿರುವ ಸಂಗ್ರಹದಲ್ಲಿ ಕಥೆಯ ಅಸ್ಥಿಪಂಜರ ಇದೆ. ಪ್ಲುಟಾರ್ಕ್ ಬರೆದ ಥೀಸಿಯಸ್‌ನ ಜೀವನಚರಿತ್ರೆಯಲ್ಲಿ ಸಣ್ಣಸಣ್ಣ ವಿವರಗಳು ರಾಶಿ ರಾಶಿ ಸಿಗುತ್ತವೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸೇನಿಯಸ್, ಯಾವ ಊರಿನಲ್ಲಿ ಯಾರ ಬಗ್ಗೆ ಏನು ಹೇಳುತ್ತಾರೆ ಅಂತ ಬರೆದಿಟ್ಟಿದ್ದಾನೆ. ನಾಲ್ಕನೆಯವನು ಕವಿ ಬಕಿಲಿಡೀಸ್. ಇವನ ಹಾಡುಗಳು ನೂರಾರು ವರ್ಷ ಕಳೆದೇ ಹೋಗಿದ್ದವು. ಈಜಿಪ್ಟ್‌ನಲ್ಲಿ ಸಿಕ್ಕ ಪಪೈರಸ್ ಸುರುಳಿಯಿಂದ 1897ರಲ್ಲಿ ಮತ್ತೆ ಅಚ್ಚಾದವು. ಇವೆಲ್ಲದರ ಹಳೆಯ ಇಂಗ್ಲಿಷ್ ಅನುವಾದಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಓದುವಾಗ ಒಂದು ನೋಟ್‌ಬುಕ್ ಇಡಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಎಲ್ಲರೂ ಒಪ್ಪುವ ವಿಷಯ", ಬಲಕ್ಕೆ "ಒಬ್ಬೊಬ್ಬರು ಒಂದೊಂದು ಹೇಳುವ ವಿಷಯ" ಅಂತ ಬರೆದುಕೊಳ್ಳಿ. ಅಥೆನ್ಸ್‌ನ ಸೀಮೆಯಲ್ಲಿ ಕ್ರೀಟ್ ರಾಜ ಮಿನೋಸ್‌ನ ಮಗ ಆಂಡ್ರೋಜಿಯಸ್ ಸತ್ತ, ಅದಕ್ಕೆ ದಂಡವಾಗಿ ಏಳು ಹುಡುಗರು, ಏಳು ಹುಡುಗಿಯರನ್ನು ಕಳಿಸಬೇಕಾಯಿತು ಅನ್ನುವುದು ಎಡಕ್ಕೆ ಬರುತ್ತದೆ. ಹಡಗು ಹೋದದ್ದು ಕಪ್ಪು ಹಾಯಿಯಲ್ಲಿ, ಥೀಸಿಯಸ್ ಬದುಕಿ ಬಂದರೆ ಬಿಳಿಯದನ್ನು ಕಟ್ಟಬೇಕಿತ್ತು. ಅದನ್ನು ಕಟ್ಟಲು ಯಾಕೆ ಮರೆತರು ಅನ್ನುವುದು ಬಲಕ್ಕೆ. ಗೆದ್ದು ಬರುವ ಖುಷಿಯಲ್ಲಿ ಮರೆತರು ಅಂತಾನೆ ಪ್ಲುಟಾರ್ಕ್, ಅರಿಯಾಡ್ನೆಯನ್ನು ಕಳೆದುಕೊಂಡ ದುಃಖದಲ್ಲಿ ಮರೆತ ಅಂತ ಅಪೊಲೊಡೋರಸ್. ಆ ಹಾಯಿ ಬಿಳಿಯದೇ ಅಲ್ಲ, ಕೆಂಪು ಬಣ್ಣದ್ದು ಅಂತ ಕವಿ ಸೈಮೊನಿಡೀಸ್ ಹೇಳಿದ್ದನ್ನೂ ಪ್ಲುಟಾರ್ಕ್ ಬರೆದಿದ್ದಾನೆ.

ನಿಮ್ಮ ಕಾದಂಬರಿ ಬರುವುದು ಬಲಗಡೆಯಿಂದ. ಎಡಗಡೆ ಇರುವುದನ್ನು ಆದಷ್ಟು ಮುಟ್ಟಬೇಡಿ.

ಹಂತ 2: ಕಥೆಯ ಸಂದಿಯಲ್ಲಿ ನಿಂತಿರುವವರನ್ನು ಹುಡುಕಿ

ಥೀಸಿಯಸ್‌ನನ್ನೇ ನಾಯಕ ಮಾಡಬಹುದು, ತಪ್ಪೇನಿಲ್ಲ. ಆದರೆ ಅವನು ಗೆಲ್ಲುತ್ತಾನೆ ಅಂತ ಓದುಗರಿಗೆ ಮೊದಲೇ ಗೊತ್ತು. ಅವನ ಜೊತೆ ಹಡಗಿನಲ್ಲಿದ್ದ ಉಳಿದ 13 ಜನ ಯಾರು? ಅವರೂ ನಮ್ಮ ಓದುಗರ ವಯಸ್ಸಿನವರೇ ಅಲ್ವಾ?

ಬಕಿಲಿಡೀಸ್‌ನ ಹಾಡು ನೋಡಿ. ಹಡಗು ಕ್ರೀಟ್ ಕಡೆ ಹೋಗುತ್ತಿದೆ. ಮಿನೋಸ್ ಕೂಡ ಅದೇ ಹಡಗಿನಲ್ಲಿದ್ದಾನೆ. ಎರಿಬೋಯಾ ಅನ್ನುವ ಹುಡುಗಿಯ ಕೆನ್ನೆ ಮುಟ್ಟುತ್ತಾನೆ. ಆಕೆ ಕೂಗಿಕೊಳ್ಳುತ್ತಾಳೆ. ಥೀಸಿಯಸ್ ಎದ್ದು ನಿಂತು ಕೈ ತೆಗಿ ಅನ್ನುತ್ತಾನೆ, ಮಾತಿಗೆ ಮಾತು ಬೆಳೆಯುತ್ತದೆ. ನೀನು ನಿಜವಾಗಿ ಸಮುದ್ರದ ದೇವರು ಪೊಸೈಡನ್‌ನ ಮಗನಾದರೆ ಇದನ್ನು ತಂದು ತೋರಿಸು ಅಂತ ಮಿನೋಸ್ ತನ್ನ ಚಿನ್ನದ ಉಂಗುರವನ್ನು ಸಮುದ್ರಕ್ಕೆ ಎಸೆಯುತ್ತಾನೆ. ಥೀಸಿಯಸ್ ಹಾರಿಯೇಬಿಡುತ್ತಾನೆ. ಡಾಲ್ಫಿನ್‌ಗಳು ಅವನನ್ನು ಸಮುದ್ರದಡಿಯ ಅರಮನೆಗೆ ಒಯ್ಯುತ್ತವೆ, ಪೊಸೈಡನ್‌ನ ಹೆಂಡತಿ ಆಂಫಿಟ್ರೈಟಿ ಅವನಿಗೆ ಕೆನ್ನೇರಳೆ ಬಣ್ಣದ ಮೇಲುಡುಪು ಹೊದಿಸಿ ತಲೆಗೆ ಹೂವಿನ ದಂಡೆ ಮುಡಿಸುತ್ತಾಳೆ, ಅವನು ಮೈ ಒದ್ದೆಯಾಗದೆ ಹಡಗಿನ ಪಕ್ಕದಲ್ಲೇ ಮೇಲೆ ಬರುತ್ತಾನೆ.

ಉಂಗುರ ಎಲ್ಲಿ? ಬಕಿಲಿಡೀಸ್ ಮತ್ತೆ ಅದರ ಮಾತೇ ಎತ್ತುವುದಿಲ್ಲ. ಥೀಸಿಯಸ್ ಅದನ್ನು ತಂದ ಅಂತ ಬೇರೆಯವರು ಹೇಳುತ್ತಾರೆ, ಈ ಹಾಡಿನಲ್ಲಿ ಮಾತ್ರ ಇಲ್ಲ. ಎರಿಬೋಯಾ ಕೂಡ ಒಂದು ಸಲ ಕೂಗಿಕೊಂಡವಳು ಮತ್ತೆ ಕಾಣಿಸುವುದಿಲ್ಲ. ಒಂದೇ ಹಾಡಿನಲ್ಲಿ ಎರಡು ಖಾಲಿ ಜಾಗ. ಉಂಗುರ ಅವಳ ಕೈಗೆ ಸಿಕ್ಕಿದ್ದರೆ? ಥೀಸಿಯಸ್ ಯಾರಿಗೂ ಹೇಳದೆ ಅದನ್ನು ಅವಳಿಗೇ ಕೊಟ್ಟಿದ್ದರೆ? ಮಿನೋಸ್‌ನ ಮುದ್ರೆಯುಂಗುರ ಇರುವವರಿಗೆ ಕ್ನೋಸೋಸ್ ಅರಮನೆಯಲ್ಲಿ ಯಾವ ಬಾಗಿಲು ತೆರೆಯಬಹುದು? ನೋಡಿ, ಕಾದಂಬರಿ ಶುರುವಾಯಿತು.

ಈ ಹುಡುಗಿಯ ಮುಂದಿನ ಜೀವನವೂ ಸ್ವಲ್ಪ ಗೊತ್ತು. ಪೌಸೇನಿಯಸ್‌ನಲ್ಲಿ ಅವಳ ಹೆಸರು ಪೆರಿಬೋಯಾ. ಮೆಗಾರದ ರಾಜ ಆಲ್ಕಥೂಸ್‌ನ ಮಗಳು ಪೆರಿಬೋಯಾ ಥೀಸಿಯಸ್ ಜೊತೆ ಕ್ರೀಟ್‌ಗೆ ಹೋಗಿದ್ದಳು, ಮುಂದೆ ಟೆಲಮಾನ್‌ನನ್ನು ಮದುವೆಯಾಗಿ ಟ್ರಾಯ್ ಯುದ್ಧದ ವೀರ ಏಜಾಕ್ಸ್‌ನ ತಾಯಿಯಾದಳು ಅಂತ ಪೌಸೇನಿಯಸ್ ಬರೆಯುತ್ತಾನೆ. ನಾಟಕಕಾರ ಸಾಫೊಕ್ಲೀಸ್ ತನ್ನ 'ಏಜಾಕ್ಸ್' ನಾಟಕದಲ್ಲಿ ಏಜಾಕ್ಸ್‌ನ ತಾಯಿಯನ್ನು ಎರಿಬೋಯಾ ಅಂತಲೇ ಕರೆಯುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' ಬರೆದದ್ದು ಇದೇ ನಾಟಕದ ಆಧಾರದ ಮೇಲೆ. ಅವರು ಗ್ರೀಕ್ ವೀರನ ಸಂಕಟವನ್ನು ಮಹಾಭಾರತದ ವೀರನಿಗೆ ತಂದರು. ನೀವು ಇಲ್ಲಿ ಆ ವೀರನ ತಾಯಿಯ ಹುಡುಗಿತನಕ್ಕೆ ಹೋಗುತ್ತಿದ್ದೀರಿ. ಅವಳು ಬದುಕಿ ಬರುತ್ತಾಳೆ ಅಂತ ಓದುಗರಿಗೆ ಗೊತ್ತಾದರೂ ಪರವಾಗಿಲ್ಲ, ಏನು ಕಳೆದುಕೊಂಡು ಬರುತ್ತಾಳೆ ಅನ್ನುವುದು ಗೊತ್ತಿಲ್ಲವಲ್ಲ.

ಹಂತ 3: ಜಗತ್ತಿನ ಕಟ್ಟುಪಾಡು ಬರೆದಿಟ್ಟುಕೊಳ್ಳಿ

ಇದು ಇಡೀ ಕೆಲಸದ ಜೀವಾಳ. ಮಾಂತ್ರಿಕ ಶಕ್ತಿ ಎಷ್ಟಿದೆ ಅನ್ನುವುದಕ್ಕಿಂತ ಅದಕ್ಕೆ ಮಿತಿ ಎಲ್ಲಿದೆ ಅನ್ನುವುದರಿಂದಲೇ ಸಾಹಸಕ್ಕೆ ಬಿಗಿ ಬರುತ್ತದೆ. ಹೊಸದಾಗಿ ನಿಯಮ ಹೊಸೆಯುವ ಕಷ್ಟವೂ ನಿಮಗಿಲ್ಲ, ಗ್ರೀಕರೇ ಮಾಡಿಟ್ಟಿದ್ದಾರೆ.

ಪಾತಾಳದ ನದಿ ಸ್ಟಿಕ್ಸ್‌ನ ಆಣೆ ತಗೊಳ್ಳಿ. ದೇವರುಗಳೇ ಆ ನೀರಿನ ಮೇಲೆ ಆಣೆ ಇಡುತ್ತಾರೆ. ಮುರಿದರೆ ಏನಾಗುತ್ತದೆ ಅಂತ ಹಳೆಯ ಗ್ರೀಕ್ ಕವಿ ಹೆಸಿಯಡ್ ಸ್ಪಷ್ಟವಾಗಿ ಹೇಳಿದ್ದಾನೆ: ಒಂದು ವರ್ಷ ಉಸಿರಿಲ್ಲದೆ, ಮಾತಿಲ್ಲದೆ ಬಿದ್ದಿರಬೇಕು, ಅಮೃತದ ಹನಿಯೂ ಇಲ್ಲ. ಆಮೇಲೆ ಒಂಬತ್ತು ವರ್ಷ ದೇವರ ಸಭೆಗೂ ಊಟಕ್ಕೂ ಸೇರಿಸುವುದಿಲ್ಲ. ಹತ್ತು ವರ್ಷ ದೇವರುಗಳ ಬೆಟ್ಟ ಒಲಿಂಪಸ್‌ಗೆ ಕಾಲಿಡಲಾಗದ ಒಬ್ಬ ಸಣ್ಣ ದೇವತೆ ನಿಮ್ಮ ಹಡಗಿನಲ್ಲಿ ಅಡಗಿದ್ದರೆ ಹೇಗಿರುತ್ತದೆ ಯೋಚಿಸಿ.

ಇನ್ನೊಂದು: ಒಬ್ಬ ದೇವರು ಮಾಡಿದ್ದನ್ನು ಇನ್ನೊಬ್ಬ ದೇವರು ಅಳಿಸುವಂತಿಲ್ಲ. ರೋಮನ್ ಕವಿ ಓವಿಡ್ ಹೇಳುವ ಟೈರೀಸಿಯಸ್ ಕಥೆಯಲ್ಲಿ ಒಬ್ಬಳು ದೇವಿ ಅವನ ಕಣ್ಣು ಕಿತ್ತುಕೊಳ್ಳುತ್ತಾಳೆ, ದೇವರ ದೊರೆಗೂ ಅದನ್ನು ವಾಪಸ್ ಕೊಡಲಾಗುವುದಿಲ್ಲ, ಬದಲಿಗೆ ಭವಿಷ್ಯ ಕಾಣುವ ಶಕ್ತಿ ಕೊಡುತ್ತಾನೆ. ಈ ಒಂದು ನಿಯಮ ಇಟ್ಟುಕೊಂಡರೆ, ಕೊನೆ ಅಧ್ಯಾಯದಲ್ಲಿ ದೇವರು ಬಂದು ಎಲ್ಲ ಸರಿಮಾಡುವ ದಾರಿ ಮುಚ್ಚಿಹೋಗುತ್ತದೆ. ಮುಚ್ಚಬೇಕು ಕೂಡ.

ಅತಿಥಿ ಧರ್ಮ ಮೂರನೆಯದು. ಮನೆಗೆ ಬಂದವರಿಗೆ ಮೊದಲು ಊಟ, ಆಮೇಲೆ ಹೆಸರು ಕೇಳುವುದು. ಅದನ್ನು ಕಾಯುವವನು ಸ್ವತಃ ಜ್ಯೂಸ್. ಹಾಗಾಗಿ ಶತ್ರುವಿನ ಮನೆಯಲ್ಲಿ ಒಂದು ತುತ್ತು ತಿಂದರೆ ಇಬ್ಬರ ಕೈಯೂ ಕಟ್ಟಿಹಾಕಿದ ಹಾಗೆ. ಇನ್ನು ಕೊಲೆಯ ಮೈಲಿಗೆ: ಕೊಂದವರು, ಕಾರಣ ನ್ಯಾಯವಾದದ್ದೇ ಇದ್ದರೂ, ಶುದ್ಧಿ ಮಾಡಿಸಿಕೊಳ್ಳಬೇಕು. ಅಥೆನ್ಸ್ ದಾರಿಯಲ್ಲಿ ದುಷ್ಟರನ್ನೇ ಕೊಂದ ಥೀಸಿಯಸ್‌ಗೂ ಶುದ್ಧಿ ಬೇಕಾಯಿತು.

ಈ ನಾಲ್ಕೇ ಸಾಕು. ನಮ್ಮ ಓದುಗರಿಗೆ ಆಣೆ, ಅತಿಥಿ, ಮೈಲಿಗೆ ಯಾವುದೂ ಹೊಸದಲ್ಲ, ವಿವರಿಸುತ್ತಾ ಕೂರಬೇಡಿ. ಆದರೆ ಜ್ಯೂಸ್ ಅಂದರೆ ನಮ್ಮ ಇಂದ್ರ, ಹೇಡೀಸ್ ಅಂದರೆ ಯಮ ಅಂತ ಮಾತ್ರ ಬರೆಯಬೇಡಿ. ಹಾಗೆ ಬರೆದ ತಕ್ಷಣ ಆ ದೇವರ ಸ್ವಂತ ಗುಣ ಮಾಯವಾಗುತ್ತದೆ. ಹೇಡೀಸ್ ಸತ್ತವರ ಲೆಕ್ಕ ನೋಡಿ ತೀರ್ಪು ಹೇಳುವುದಿಲ್ಲ. ಆ ಕೆಲಸ ಮಾಡುವವರಲ್ಲಿ ಒಬ್ಬ ಯಾರು ಗೊತ್ತಾ? ಸತ್ತ ಮೇಲೆ ಇದೇ ಮಿನೋಸ್.

ಹಂತ 4: ಊಟ, ಹಡಗು, ಅರಮನೆ

ಕಥೆ ನಡೆಯುವುದು ಕಂಚಿನ ಯುಗದಲ್ಲಿ. ಕತ್ತಿ ಕಂಚಿನದು. ನಾಣ್ಯ ಇಲ್ಲ, ಹಾಗಾಗಿ ಯಾರೂ ಹಣ ಎಣಿಸುವಂತಿಲ್ಲ. ಊಟಕ್ಕೆ ಬಾರ್ಲಿ ರೊಟ್ಟಿ, ಆಲಿವ್, ಅಂಜೂರ, ಮೇಕೆ ಹಾಲಿನ ಗಿಣ್ಣು, ಜೇನು, ನೀರು ಬೆರೆಸಿದ ದ್ರಾಕ್ಷಾರಸ. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲ ಅಮೆರಿಕದಿಂದ ಬಂದದ್ದು 1492ರ ನಂತರ.

ಅಥೆನ್ಸ್‌ನಿಂದ ಕ್ರೀಟ್‌ಗೆ 300 ಕಿಲೋಮೀಟರ್‌ಗಿಂತ ಜಾಸ್ತಿ ಸಮುದ್ರ. ಹಡಗಿಗೆ ಹಾಯಿಯೂ ಇರುತ್ತಿತ್ತು, ಹುಟ್ಟೂ ಇರುತ್ತಿತ್ತು. ಸಾಧ್ಯವಾದಾಗಲೆಲ್ಲ ರಾತ್ರಿ ಯಾವುದಾದರೂ ದ್ವೀಪದ ದಡಕ್ಕೆ ಹಚ್ಚಿ ಮಲಗುತ್ತಿದ್ದರು. ದ್ವೀಪದಿಂದ ದ್ವೀಪಕ್ಕೆ ಹೋಗುವ ಈ ಪಯಣವೇ ನಿಮ್ಮ ಅಧ್ಯಾಯಗಳ ಮೆಟ್ಟಿಲು. ನಕ್ಷೆ ಮುಂದಿಟ್ಟುಕೊಂಡು ಸಿಫ್ನೋಸ್, ಥೀರಾ ಹೀಗೆ ಮೂರೋ ನಾಲ್ಕೋ ಆರಿಸಿ. ಥೀರಾ ಅಂದರೆ ಈಗಿನ ಸ್ಯಾಂಟೊರಿನಿ. ಕ್ರಿಸ್ತಪೂರ್ವ 1600ರ ಸುಮಾರಿಗೆ ಅಲ್ಲಿನ ಜ್ವಾಲಾಮುಖಿ ಭಯಂಕರವಾಗಿ ಸಿಡಿದಿತ್ತು. ಬೂದಿ ಹೊದ್ದ ಆ ದ್ವೀಪದಲ್ಲಿ ಒಂದು ರಾತ್ರಿ ಕಳೆಯುವ ಮಕ್ಕಳನ್ನು ಕಲ್ಪಿಸಿಕೊಳ್ಳಿ.

ಕ್ನೋಸೋಸ್‌ನಲ್ಲಿ ಆರ್ಥರ್ ಇವಾನ್ಸ್ 1900ರಲ್ಲಿ ಉತ್ಖನನ ಶುರುಮಾಡಿದ. ಅಲ್ಲಿ ಸಿಕ್ಕಿದ್ದು ನೂರಾರು ಕೋಣೆಗಳ ಅರಮನೆ. ಮೇಲಿಂದ ಬೆಳಕು ಇಳಿಯುವ ಬಾವಿಯಂಥ ಅಂಗಳಗಳು, ಆಳೆತ್ತರದ ಎಣ್ಣೆ ಹರವಿಗಳು, ನೆಲದಡಿ ಮೋರಿಗಳು, ಗೂಳಿಯ ಬೆನ್ನ ಮೇಲೆ ಲಾಗ ಹಾಕುವವರ ಚಿತ್ರ. ಹುಡುಗಿಯೊಬ್ಬಳು ಅಡಗಬೇಕಾದರೆ ಹರವಿ ಇದೆ, ತಪ್ಪಿಸಿಕೊಳ್ಳಬೇಕಾದರೆ ಮೋರಿ ಇದೆ. ಚಕ್ರವ್ಯೂಹದ ಚಿತ್ರ ಕಣ್ಣಿಗೆ ಕಟ್ಟಬೇಕಾದರೆ ಈ ಅರಮನೆಯ ನೆಲನಕ್ಷೆಯನ್ನು ಒಂದು ಸಂಜೆ ಸುಮ್ನೆ ನೋಡುತ್ತಾ ಕೂರಿ.

ಹಂತ 5: ಪ್ಲುಟಾರ್ಕ್‌ನ ಎರಡು ವಿವರ, ಎರಡು ದೃಶ್ಯ

ಒಂದನೆಯದು. ಥೀಸಿಯಸ್ ಏಳು ಹುಡುಗಿಯರ ಪೈಕಿ ಇಬ್ಬರ ಜಾಗಕ್ಕೆ ಹುಡುಗಿಯರಂತೆ ಕಾಣುವ ಇಬ್ಬರು ಧೈರ್ಯಸ್ಥ ಹುಡುಗರನ್ನು ಸೇರಿಸಿದನಂತೆ. ಅವರ ಮೈಬಣ್ಣ ತಿಳಿಯಾಗಲಿ ಅಂತ ಬಿಸಿಲಿಗೆ ಬಿಡಲಿಲ್ಲ, ಕೂದಲಿಗೆ ಎಣ್ಣೆ ಹಚ್ಚಿಸಿದ, ನಡಿಗೆ, ದನಿ ಎಲ್ಲ ಅಭ್ಯಾಸ ಮಾಡಿಸಿದ. ಹುಡುಗಿಯರ ಗುಂಪಿನಲ್ಲಿರುವ ಎರಿಬೋಯಾಗೆ ಇದು ಯಾವಾಗ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಗುಟ್ಟು ಕಾಯುತ್ತಾಳಾ? ಮೊದಲ ಕಾಲುಭಾಗದ ಕುತೂಹಲಕ್ಕೆ ಇದೊಂದೇ ಸಾಕು.

ಎರಡನೆಯದು ಬಂದರಿನ ದೃಶ್ಯ. ಆಯ್ಕೆಯಾದ ಮಕ್ಕಳ ತಾಯಂದಿರು ರೊಟ್ಟಿ, ಮಾಂಸ ತಂದು ಕೊಟ್ಟು, ಧೈರ್ಯ ಬರಲಿ ಅಂತ ಕಥೆ ಹೇಳುತ್ತಿದ್ದರಂತೆ. ಮುಂದೆ ಅಥೆನ್ಸ್‌ನ ಒಂದು ಹಬ್ಬದಲ್ಲಿ ಹೆಂಗಸರು ಇದನ್ನೇ ಅಭಿನಯಿಸುತ್ತಿದ್ದರು. ಇಂಥ ವಿವರ ಸಿಕ್ಕಾಗ ಓಡಬೇಡಿ, ನಿಲ್ಲಿ. ನಾನು ಬರೆದರೆ ಹೀಗೆ ಶುರುಮಾಡುತ್ತೇನೆ:

"ಅಮ್ಮ ಬುತ್ತಿಯ ಗಂಟನ್ನು ನನ್ನ ಮಡಿಲಿಗಿಟ್ಟಳು. ರೊಟ್ಟಿ ಇನ್ನೂ ಬಿಸಿ ಇತ್ತು. 'ತೋಳ ಮತ್ತು ಕುರಿಮರಿ ಕಥೆ ಹೇಳ್ತೀನಿ, ಕೇಳು' ಅಂದಳು. ಸಣ್ಣವಳಿದ್ದಾಗ ದಿನಾ ರಾತ್ರಿ ಕೇಳುತ್ತಿದ್ದ ಕಥೆ. ನನಗೆ ಬಾಯಿಪಾಠ. ಕುರಿಮರಿ ಹಳ್ಳದ ಹತ್ತಿರ ಬಂತು, ತೋಳ ಬಂತು. ಅಮ್ಮ ಅಲ್ಲಿ ಒಂದು ಗಳಿಗೆ ನಿಲ್ಲಿಸಿ ನನ್ನ ಜಡೆಯ ತುದಿ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಕುರಿಮರಿ ಹಳ್ಳ ದಾಟಿ ಮನೆಗೆ ಓಡಿತು ಅಂದಳು. ಕಥೆಯಲ್ಲಿ ಹಾಗಿರಲಿಲ್ಲ. ನಾನು ಏನೂ ಹೇಳಲಿಲ್ಲ."

ಭಯ, ಪ್ರೀತಿ ಅನ್ನುವ ಪದಗಳನ್ನು ಇಲ್ಲಿ ಬಳಸಿಲ್ಲ, ಗಮನಿಸಿ. ಹದಿಹರೆಯದ ಓದುಗರಿಗೆ ಭಾವನೆಯನ್ನು ಹೆಸರಿಟ್ಟು ಹೇಳಿದರೆ ಪುಟ ಮಗುಚಿಬಿಡುತ್ತಾರೆ.

ಹಂತ 6: ಮಾತುಕತೆ

ಕನ್ನಡದಲ್ಲಿ ಬರೆಯುವಾಗ ಯಾರು ಯಾರಿಗೆ ನೀನು, ಯಾರಿಗೆ ನೀವು ಅನ್ನುವುದನ್ನು ಮೊದಲೇ ತೀರ್ಮಾನಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಎರಿಬೋಯಾ ಅಮ್ಮನಿಗೆ ನೀನು ಅನ್ನುತ್ತಾಳೆ. ಪ್ರಾರ್ಥನೆಯಲ್ಲಿ ದೇವರಿಗೂ ನೀನು. ಮಿನೋಸ್‌ಗೆ ನೀವು. ಥೀಸಿಯಸ್ ಅಥೆನ್ಸ್‌ನ ಯುವರಾಜ, ಮೊದಲಿಗೆ ನೀವು ಅಂತಲೇ ಇರಲಿ. ಚಕ್ರವ್ಯೂಹದ ಬಾಗಿಲಲ್ಲಿ, ಅರಿಯಾಡ್ನೆ ಕೊಟ್ಟ ದಾರದ ಉಂಡೆಯನ್ನು ಅವನ ಕೈಗಿಡುವಾಗ ಮೊದಲ ಸಲ "ನೀನು ವಾಪಸ್ ಬರಬೇಕು" ಅನ್ನಲಿ. ಅವರಿಬ್ಬರ ಸ್ನೇಹದ ಬಗ್ಗೆ ಬೇರೆ ಪ್ಯಾರಾ ಬೇಕಾಗುವುದಿಲ್ಲ. ರಾಜ, ದೇವರು ಬಾಯಿ ತೆರೆದರೆ ನಾಟಕದ ಗ್ರಾಂಥಿಕ ಕನ್ನಡ ಬರಬೇಕು ಅಂತೇನೂ ಇಲ್ಲ. ಹಾಗೆಯೇ ಅಥೆನ್ಸ್ ಹುಡುಗರ ಬಾಯಲ್ಲಿ ಇವತ್ತಿನ ಕಾಲೇಜು ಕ್ಯಾಂಪಸ್ ಮಾತೂ ಬೇಡ.

ಹೆಸರುಗಳು ಉದ್ದ. ಒಂದು ಅಧ್ಯಾಯದಲ್ಲಿ ಮೂರಕ್ಕಿಂತ ಜಾಸ್ತಿ ಹೊಸ ಹೆಸರು ತರಬೇಡಿ, ಒಂದು ಸಲ ಬರೆದ ರೂಪವನ್ನೇ ಕೊನೆವರೆಗೂ ಇಡಿ.

ಹಂತ 7: ಮಿನೋಟಾರ್

ಅದಕ್ಕೊಂದು ಹೆಸರಿದೆ: ಆಸ್ಟೀರಿಯಸ್. ಪೊಸೈಡನ್ ಕಳಿಸಿದ ಗೂಳಿಯನ್ನು ಮಿನೋಸ್ ಬಲಿ ಕೊಡದೆ ಇಟ್ಟುಕೊಂಡ, ಅದಕ್ಕೆ ಬಂದ ಶಿಕ್ಷೆಯಿಂದ ರಾಣಿ ಪಾಸಿಫಾಯೆಗೆ ಹುಟ್ಟಿದ ಮಗು. ಮಿನೋಸ್‌ನ ದುರಾಸೆಗೆ ಮಗು ಕತ್ತಲಲ್ಲಿ ಬೆಳೆಯಿತು. ಅರಿಯಾಡ್ನೆಗೆ ಇವನು ಒಡಹುಟ್ಟಿದವನು ಅನ್ನುವುದನ್ನು ಮರೆಯಬೇಡಿ. ಅವಳು ದಾರ ಕೊಡುವುದು ತಮ್ಮನನ್ನು ಕೊಲ್ಲಲಿ ಅಂತ.

ಹಾಗಂತ ಅವನನ್ನು ಸಾಧು ಪ್ರಾಣಿ ಮಾಡಬೇಡಿ. ಅವನು ಮಕ್ಕಳನ್ನು ತಿಂದಿದ್ದಾನೆ, ಅದು ನಿಜವಾಗಿರಲಿ. ಅಯ್ಯೋ ಅನ್ನಿಸುವುದೂ ಹೆದರಿಕೆಯೂ ಒಟ್ಟಿಗೆ ಬಂದರೆ ಮಾತ್ರ ಆ ದೃಶ್ಯಕ್ಕೆ ಬೆಲೆ. ಅಪೊಲೊಡೋರಸ್ ಪ್ರಕಾರ ಥೀಸಿಯಸ್ ಅವನನ್ನು ಕೊಂದದ್ದು ಬರೀ ಮುಷ್ಟಿಯಿಂದ. ಅಷ್ಟು ಹೊತ್ತು ಹೊಡೆಯಬೇಕು, ಅಷ್ಟು ಹತ್ತಿರ ಇರಬೇಕು. ಕತ್ತಲಲ್ಲಿ ನಿಂತು ಆ ಸದ್ದು ಮಾತ್ರ ಕೇಳುವ ಎರಿಬೋಯಾಳ ಕಿವಿಯಿಂದ ಬರೆಯಿರಿ, ಕಣ್ಣಿನಿಂದ ಬೇಡ.

ಪಾಸಿಫಾಯೆಯ ಕಥೆ, ಮಿನೋಸ್ ಕೆನ್ನೆ ಮುಟ್ಟುವುದು, ಇಂಥವನ್ನೆಲ್ಲ ಹೇಗೆ ಹೇಳುವುದು ಅಂತ ಹಿಂಜರಿಕೆ ಇರುತ್ತದೆ. ಮುಚ್ಚಿಡಬೇಡಿ, ಚಪ್ಪರಿಸಲೂ ಬೇಡಿ. ತನ್ನ ಒಪ್ಪಿಗೆ ಇಲ್ಲದೆ ಒಬ್ಬ ದೊಡ್ಡವನು ಮುಟ್ಟಿದಾಗ ಹುಡುಗಿಗೆ ಏನನ್ನಿಸಿತು ಅನ್ನುವುದು 15ರ ಓದುಗರಿಗೆ ಅರ್ಥವಾಗುತ್ತದೆ. ಆಕೆ ಕೂಗಿದ್ದು ಸರಿ ಅನ್ನುವುದರಲ್ಲಿ ಮಾತ್ರ ಯಾವ ಅನುಮಾನವೂ ಉಳಿಯಬಾರದು.

ಹಂತ 8: ಕಪ್ಪು ಹಾಯಿಯನ್ನು ಸರಿಮಾಡಬೇಡಿ

ಮಿನೋಟಾರ್ ಸತ್ತ ಕೂಡಲೇ ಪುಸ್ತಕ ಮುಗಿಸುವವರಿದ್ದಾರೆ. ನನ್ನ ಪ್ರಕಾರ ಕೊನೆಯ ಕಾಲುಭಾಗ ಪೂರ್ತಿ ವಾಪಸ್ ಪಯಣಕ್ಕೆ ಬೇಕು. ನಾಕ್ಸೋಸ್‌ನಲ್ಲಿ ಅರಿಯಾಡ್ನೆಯನ್ನು ಬಿಟ್ಟು ಹೋಗುವುದು, ಡೆಲೋಸ್‌ನಲ್ಲಿ ಮಕ್ಕಳೆಲ್ಲ ಸೇರಿ ಚಕ್ರವ್ಯೂಹದ ತಿರುವುಗಳನ್ನೇ ಹೆಜ್ಜೆ ಹಾಕಿ ಕುಣಿಯುವುದು, ದೂರದಲ್ಲಿ ಕಪ್ಪು ಹಾಯಿ ಕಂಡು ಮಗ ಸತ್ತ ಅಂದುಕೊಂಡು ರಾಜ ಈಜಿಯಸ್ ಹಾರಿ ಪ್ರಾಣ ಬಿಡುವುದು. ಇವು ಮೂರೂ ಇರಲೇಬೇಕು.

ಹಾಯಿ ಬದಲಿಸುವ ಕೆಲಸವನ್ನು ಎರಿಬೋಯಾಗೆ ಒಪ್ಪಿಸಿ ನೋಡಿ. ನಾಕ್ಸೋಸ್‌ನ ದಡದಲ್ಲಿ ಒಬ್ಬಳು ಹುಡುಗಿಯನ್ನು ಮಲಗಿದ್ದಂತೆಯೇ ಬಿಟ್ಟು ಬಂದವರಿಗಾಗಿ ಬಿಳಿ ಹಾಯಿ ಏರಿಸಲು ಅವಳ ಕೈ ಬರಲಿಲ್ಲವೇನೋ. ಅಥವಾ ಬಿಳಿ ಹಾಯಿಯನ್ನೇ ಅರಿಯಾಡ್ನೆಗೆ ಹೊದಿಸಿ ಬಂದಳೇನೋ. ಆಗ ಈಜಿಯಸ್‌ನ ಸಾವು ಮರೆವಿನಿಂದ ಆದದ್ದಲ್ಲ, ಒಂದು ಒಳ್ಳೆಯ ಕೆಲಸದ ಬೆಲೆ. ಅದನ್ನು ಹೊತ್ತುಕೊಂಡೇ ಅವಳು ಮನೆಗೆ ಬರಬೇಕು. ಅವಳಿಗೆ ಯಾರೂ ಕ್ಷಮೆ ಕೊಡುವ ದೃಶ್ಯ ಬರೆಯಬೇಡಿ.

ಹಂತ 9: ಕನ್ನಡ ನೆಲವನ್ನು ತರಬೇಕು ಅನ್ನಿಸಿದರೆ

ಕ್ರೀಟ್‌ಗೆ ಸುಮ್ನೆ ಒಬ್ಬ ಕರಾವಳಿಯ ಹುಡುಗನನ್ನು ಕಳಿಸಬೇಡಿ. ನಿಜವಾದ ಕೊಂಡಿ ಬೇಕಾದರೆ ಬೇರೆ ಕಡೆ ಇದೆ. ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನ ಇದೆ. ಕಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕರಾವಳಿಯ ದೇಗುಲವೊಂದರಲ್ಲಿ ಸೆರೆ, ಅವಳ ಅಣ್ಣ ಬಿಡಿಸಲು ಬರುತ್ತಾನೆ, ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಎಲ್ಲರೂ ಹಡಗು ಹತ್ತುತ್ತಾರೆ. ಯೂರಿಪಿಡೀಸ್‌ನ ಇಫಿಜೀನಿಯಾ ನಾಟಕದ ಅಣಕು ಅದು. ಅದರಲ್ಲಿ ರಾಜ ಮತ್ತು ಅವನ ಜನ ಆಡುವ ಮಾತಿನಲ್ಲಿ ಕನ್ನಡ ಇದೆ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ವಾದಿಸಿದರು. ಮುಂದೆ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಆದರೆ ಕಾದಂಬರಿಗೆ ಅಷ್ಟು ಸಂಶಯ ಒಳ್ಳೆಯದೇ. ಇಲ್ಲಿಯೂ ಹಂತ 2ರ ಕೆಲಸವನ್ನೇ ಮಾಡಿ: ಆ ದಡದಲ್ಲಿ ನಿಂತು ಗ್ರೀಕರನ್ನು ನೋಡುತ್ತಿದ್ದ ನಮ್ಮ ಹುಡುಗಿ ಯಾರು?

ಹಂತ 10: ತಿದ್ದುವುದು

ಮೊದಲ ಕರಡಿಗೆ 40,000 ಪದ ಸಾಕು. ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ನೋಟ್‌ಬುಕ್ ತೆಗೆದು ಎಡಗಡೆಯ ಪಟ್ಟಿಯಲ್ಲಿ ಯಾವುದನ್ನಾದರೂ ಮುರಿದಿದ್ದೀರಾ ನೋಡಿ. ಮುರಿದಿದ್ದರೆ ಅದಕ್ಕೆ ಗಟ್ಟಿ ಕಾರಣ ಇದೆಯಾ ಕೇಳಿಕೊಳ್ಳಿ. ದೇವರು ಬರುವ ಪ್ರತಿ ಪುಟಕ್ಕೂ ಗುರುತು ಹಾಕಿ, ಅವರಲ್ಲಿ ಯಾರನ್ನು ತೆಗೆದರೂ ಕಥೆ ಸರಾಗವಾಗಿ ಸಾಗುತ್ತದೋ ಅವರನ್ನು ತೆಗೆಯಿರಿ.

ಕೊನೆಗೆ ಅಕ್ಕಪಕ್ಕದ ಮನೆಯ ಅಥವಾ ನೆಂಟರ ಪೈಕಿ ಎಂಟು, ಒಂಬತ್ತನೇ ಕ್ಲಾಸಿನ ಇಬ್ಬರು ಮೂವರಿಗೆ ಓದಲು ಕೊಡಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಎಲ್ಲಿ ಓದು ನಿಲ್ಲಿಸಿ ಎದ್ದು ಹೋದಿರಿ ಅಂತ ಕೇಳಿ, ಆ ಪುಟದ ನಂಬರ್ ಬರೆದುಕೊಳ್ಳಿ, ಅದಕ್ಕಿಂತ ಐದು ಪುಟ ಹಿಂದಿನಿಂದ ತಿದ್ದಲು ಶುರುಮಾಡಿ.